ತವರಿನ ಕೋಡಿ

ಕೋಡಿ ಸೀರೆಯ ಪೊಟ್ಟಣವನ್ನು ಕಂಕುಳಲ್ಲಿ ಇರುಕಿಕೊಂಡು ಚಪ್ಪರದ ತನಕ ಬಂದ ಮಾದವನ್ ಒಳಗೆ ಕಾಲಿಡದೆ ನಿಂತುಬಿಟ್ಟ. ಒಳಗೆ ಬೆಂಚಿನ ಮೇಲೆ ಅವನ ತಂಗಿ ಅಭಿರಾಮಿಯ ಹೆಣವಿತ್ತು. ತೇನಿಯ ಆಸ್ಪತ್ರೆಯವರು ಕೊಯ್ದು, ಹೊಲಿದು, ಬಿಳಿ ಬಟ್ಟೆಯಲ್ಲಿ ಸುತ್ತಿ ಕಳಿಸಿದ್ದರು. ಮುಖವೊಂದೇ ಕಾಣುತ್ತಿತ್ತು.

"ಕೋಡಿ ಆಕಪ್ಪಾ, ಒತ್ತಾಗ್ತದೆ," ಎಂದರು ಊರ ಹಿರಿಯ ಆಂಡಿ.

"ಆಕಲ್ಲ ತಾತ. ನನ್ ತಂಗಿ ಎಂಗೆ ಸತ್ಲು ಅಂತ ಯಾರಾದ್ರೂ ಯೋಳಿ. ಆಮೇಲೆ ಆಕ್ತೀನಿ."

ಮದುವೆಯಾದ ಹೆಣ್ಣು ಸತ್ತರೆ ತವರಿನ ಕೋಡಿ, ಎಂದರೆ ಹೊಸ ಸೀರೆ, ಮೈಮೇಲೆ ಬೀಳದೆ ಹೆಣ ಎತ್ತುವಂತಿಲ್ಲ. ಅದನ್ನು ತರುವವನು ಅಣ್ಣ. ತಂದೂ ಹಾಕದೆ ನಿಂತನೆಂದರೆ ಗಂಡನ ಮನೆಯ ಮೇಲೆ ಬೊಟ್ಟು ಮಾಡಿ ತೋರಿಸಿದ ಹಾಗೆಯೇ. ಬೀದಿಯ ತುದಿಯಲ್ಲಿ, ಟೀ ಅಂಗಡಿಯ ಪಕ್ಕ, ಪೊಲೀಸ್ ಜೀಪು ಬೆಳಗಿನಿಂದ ನಿಂತಿತ್ತು. ಮದುವೆಯಾಗಿ ಏಳು ವರ್ಷ ತುಂಬದ ಹೆಣ್ಣು ಎಂದು ಕಂದಾಯ ಅಧಿಕಾರಿ ಆರ್.ಡಿ.ಓ. ಅವರ ವಿಚಾರಣೆ ಆಗಲೇ ನಡೆದಿತ್ತು. ಅಣ್ಣ ಒಂದು ಹಾಳೆ ಬರೆದುಕೊಟ್ಟರೆ ಗಂಡನನ್ನು ಇವತ್ತೇ ಕರೆದೊಯ್ಯುತ್ತೇವೆ ಎಂದು ಅವರು ಮಾದವನ್‌ಗೆ ಹೇಳಿದ್ದರು. ಅದು ಚಪ್ಪರದಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಅಡುಗೆಮನೆಯ ಹೊಸ್ತಿಲಲ್ಲಿ ಕಂಬಕ್ಕೆ ಒರಗಿ ನಿಂತಿದ್ದ ಪೊನ್ನುತಾಯಿಗೂ ಗೊತ್ತಿತ್ತು. ಅವಳು ಸತ್ತವಳ ಓರಗಿತ್ತಿ, ಆ ಮನೆಯ ಹಿರಿಸೊಸೆ.

ಗಂಡ ಸೇಕರ್ ಬೆಂಚಿನ ಕಾಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಎರಡು ದಿನದಿಂದ ಎಲ್ಲರಿಗೂ ಹೇಳಿದ್ದನ್ನೇ ಅವನು ಮತ್ತೆ ಹೇಳಿದ. "ಈಜು ಕಲೀತಿದ್ಲು ಮಚ್ಚಾನ್. ನಾನೇ ಕಲುಸ್ತಿದ್ದೆ. ನಾ ಇಲ್ದಾಗ ಒಬ್ಳೇ ಬಾವಿಗಿಳ್ದವ್ಳೆ."

ಹೆಂಗಸರ ಕಡೆಯಿಂದ ಪಕ್ಕದ ಮನೆಯ ಕಣ್ಣಮ್ಮಾಳ್, ಮೆಲ್ಲಗೆ ಆದರೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ಎಂಡ್ರುಗೆ ಈಜು ಕಲ್ಸೋ ಗಂಡ. ಈ ಓಡೈಪಟ್ಟೀಲಿ ಯಾರು ಕಂಡವ್ರೆ ತಾಯೀ," ಎಂದಳು. ಯಾರೋ ಸೆರಗಿನೊಳಗೆ ನಕ್ಕರು.

ಊರಿಗೆ ಬೇರೆ ಕಾರಣಗಳು ಬೇಕಾದಷ್ಟು ಸಿಕ್ಕಿದ್ದವು. ತೋಟದ ಬಾವಿಯಿಂದ ಹೆಣ ಎತ್ತಿದಾಗ ಮೈಮೇಲೆ ಚೂಡಿದಾರ್ ಇತ್ತು. ಮದುವೆಯಾದವಳು ತೋಟಕ್ಕೆ ಚೂಡಿದಾರ್ ಹಾಕಿಕೊಂಡು ಏಕೆ ಹೋದಳು? ಬಸ್ ಹತ್ತಿ ಓಡಿಹೋಗಲು ಹೊರಟಿದ್ದಳು, ಗಂಡ ಕಂಡು ನೂಕಿದ ಎಂದರು ಕೆಲವರು. ಗಾಜಿನ ಬಳೆಗಳು ಬಾವಿಯ ಮೆಟ್ಟಿಲ ಮೇಲೆ, ಮಡಿಸಿದ ಸೀರೆಯ ಪಕ್ಕ, ಬಿಚ್ಚಿಟ್ಟಂತಿದ್ದವು. ಜಗಳದಲ್ಲಿ ಅವಳೇ ಬಿಚ್ಚಿ ಎಸೆದಳು ಎಂದರು ಇನ್ನು ಕೆಲವರು. ಎಸೆದ ಬಳೆ ಒಡೆಯದೆ ಹೇಗಿತ್ತು ಎಂದು ಅವರನ್ನು ಯಾರೂ ಕೇಳಲಿಲ್ಲ. ನಾಲ್ಕು ವರ್ಷವಾದರೂ ಮಕ್ಕಳಿಲ್ಲ, ಸೇಕರ್‌ಗೆ ಬೇರೆ ಹೆಣ್ಣು ನೋಡಿದ್ದರಂತೆ. ವೇದಸಂದೂರಿನ ಮಿಲ್ಲಿನ ಕ್ಲಾರ್ಕ್ ಒಬ್ಬ ಕಾಗದ ಬರೆಯುತ್ತಿದ್ದನಂತೆ. ಟೀ ಅಂಗಡಿಯ ಪತ್ರಿಕೆಯಲ್ಲಿ ಅವಳ ವಯಸ್ಸು ಹತ್ತೊಂಬತ್ತು ಎಂದು ಬಂದಿತ್ತು. ಅವಳಿಗೆ ಇಪ್ಪತ್ತನಾಲ್ಕು. ಹತ್ತೊಂಬತ್ತು ಎಂದಾಗ ಕತೆಗೆ ಇನ್ನಷ್ಟು ಬಣ್ಣ ಬಂತು.

ಈ ಎಲ್ಲಕ್ಕೂ ಬುಡದಲ್ಲಿ ಒಂದು ಮಾತಿತ್ತು, ಅದು ಪೊನ್ನುತಾಯಿಯದು. ನಿನ್ನೆ ಆಸ್ಪತ್ರೆಯ ಜಗಲಿಯಲ್ಲಿ ಆರ್.ಡಿ.ಓ. ಅವಳನ್ನು ತಮಿಳಿನಲ್ಲಿ ಕೇಳಿದ್ದರು: ಒಂದೇ ಮನೆಯಲ್ಲಿರುವವಳು ನೀನು, ಅವನು ಹೆಂಡತಿಗೆ ಈಜು ಕಲಿಸುತ್ತಿದ್ದದ್ದು ನಿಜವೇನಮ್ಮ?

"ಎನಕ್ಕೆನ್ನ ಸಾರ್ ತೆರಿಯುಂ," ಎಂದಿದ್ದಳು ಅವಳು. ನನಗೇನು ಗೊತ್ತು.

ಆ ಮಾತು ಸಂಜೆಯ ಬಸ್ಸಿನಲ್ಲಿ ಅವಳಿಗಿಂತ ಮುಂಚೆ ಊರು ಸೇರಿತ್ತು. ರಾತ್ರಿ ಊಟದ ಹೊತ್ತಿಗೆ ಅದು, ಓರಗಿತ್ತಿಗೆ ಎಲ್ಲ ಗೊತ್ತು, ಹೆದರಿ ಬಾಯಿ ಬಿಡುತ್ತಿಲ್ಲ ಎಂದಾಗಿತ್ತು.

*

ಅಭಿರಾಮಿ ವೇದಸಂದೂರಿನ ಮಿಲ್ಲಿನ ವಸತಿಯಲ್ಲಿ ಬೆಳೆದು ದಿಂಡಿಗಲ್ಲಿನಲ್ಲಿ ಬಿ.ಎ. ಓದಿದವಳು. ತಲೆಮಾರುಗಳಿಂದ ತಮಿಳುನಾಡಿನಲ್ಲೇ ಇರುವ ಅವರ ಜನದ ಮನೆಮಾತಾದ ಕನ್ನಡ ಅವಳಿಗೆ ತಿಳಿಯುತ್ತಿತ್ತು, ಆಡಲು ಹೋದರೆ ಮೊದಮೊದಲು ಅರ್ಧಕ್ಕೆ ತಮಿಳಾಗುತ್ತಿತ್ತು. ಅತ್ತೆ ಗೋವಿಂದಮ್ಮಾಳ್ ಅದನ್ನು ಕೇಳಿ ನಗುತ್ತಿದ್ದರು. ಪೊನ್ನುತಾಯಿ ಈ ಮನೆಯಲ್ಲಿ ಹನ್ನೆರಡು ವರ್ಷದಿಂದ ಶುದ್ಧವಾಗಿ ಮಾತಾಡುತ್ತಿದ್ದಳು. ಅದಕ್ಕೆ ಯಾರೂ ನಕ್ಕಿರಲಿಲ್ಲ.

ಬಂದ ಮೊದಲ ವಾರ ಅಭಿರಾಮಿಯನ್ನು ದ್ರಾಕ್ಷಿ ತೋಟಕ್ಕೆ ಕಾಳು ಬಿಡಿಸಲು ಕರೆದೊಯ್ದರು. ತಲೆಯ ಮೇಲಿನ ತಂತಿಚಪ್ಪರದಲ್ಲಿ ಗೊನೆಗಳು ತೂಗುತ್ತಿರುತ್ತವೆ. ಕತ್ತೆತ್ತಿ ನಿಂತು, ಸಣ್ಣ ಕತ್ತರಿಯಿಂದ, ಒತ್ತಾಗಿ ಕಚ್ಚಿಕೊಂಡ ಕಾಳುಗಳನ್ನು ಒಂದೊಂದಾಗಿ ಕತ್ತರಿಸಬೇಕು. ಮೂರನೆಯ ದಿನ ಅವಳು ಕತ್ತು ನೋವು ಎಂದಳು. ನಾಲ್ಕನೆಯ ದಿನ ಸೇಕರ್ ಹಣ್ಣಿನ ಪೆಟ್ಟಿಗೆಯ ಹಲಗೆ ಕಿತ್ತು, ಮೊಳೆ ಹೊಡೆದು, ಹತ್ತಿ ನಿಲ್ಲಲು ಒಂದು ಮಣೆ ಮಾಡಿಕೊಟ್ಟ. ಗೊನೆ ಅವಳ ಮುಖದ ನೇರಕ್ಕೆ ಬಂತು.

ಪೊನ್ನುತಾಯಿ ಆ ಮಣೆಯ ಪಕ್ಕದಲ್ಲೇ ಕತ್ತೆತ್ತಿ ಕೆಲಸ ಮಾಡಿದಳು. ಆಗಲೇ ಎಂಟು ವರ್ಷದಿಂದ ರಾತ್ರಿ ತನ್ನ ಕತ್ತಿಗೆ ತಾನೇ ಬೇವಿನೆಣ್ಣೆ ತಿಕ್ಕಿಕೊಳ್ಳುತ್ತಿದ್ದವಳು. ಏಲಕ್ಕಿ ತೋಟಗಳಿಗೆ ಆಳು ಸಾಗಿಸುವ ಜೀಪು ಓಡಿಸುತ್ತಿದ್ದ ಅವಳ ಗಂಡ ಅಯ್ಯಾವು ಆ ಎಣ್ಣೆಯ ಬಗ್ಗೆ ಮಾತಾಡಿದ್ದು ಒಂದೇ ಸಲ. ಏನು ನಾತ ಇದು, ಎಂದು ಕೇಳಿದ್ದ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಆಳುಗಳು ಉಂಡು ಮಲಗಿದ್ದ ಹೊತ್ತು, ಆಡಿಗೆ ಸೊಪ್ಪು ತರಲು ಹೋದ ಪೊನ್ನುತಾಯಿಗೆ ಬಾವಿಯೊಳಗಿನಿಂದ ನಗು ಕೇಳಿಸಿತು. ಗೊಬ್ಬರದ ಕೊಟ್ಟಿಗೆಯ ಪಕ್ಕ ಬಳ್ಳಿ ಸರಿಸಿ ಬಗ್ಗಿ ನೋಡಿದಳು. ಸೇಕರ್ ನೀರಿನೊಳಗಿನ ಮೆಟ್ಟಿಲ ಮೇಲೆ ಎದೆಮಟ್ಟ ನಿಂತಿದ್ದ. ಕಾಲೇಜಿನ ಹಳೆಯ ಚೂಡಿದಾರ್ ತೊಟ್ಟ ಅಭಿರಾಮಿ ನೀರಿನ ಮೇಲೆ ಚಾಚಿಕೊಂಡಿದ್ದಳು. ಅವನ ಅಂಗೈ ಅವಳ ಗಲ್ಲದ ಕೆಳಗಿತ್ತು.

"ಬುಡ್ಬೇಡಿ, ಬುಡ್ಬೇಡಿ."

"ಬುಟ್ಟು ಆಗ್ಲೇ ಒತ್ತಾಯ್ತು. ನೋಡ್ಕೊ."

ಅವಳು ನೋಡಿಕೊಂಡಳು, ಗಾಬರಿಯಾಗಿ ಮುಳುಗಿದಳು, ಅವನನ್ನು ಹಿಡಿದುಕೊಂಡು ಕೆಮ್ಮಿದಳು, ಕೆಮ್ಮುತ್ತಲೇ ನಕ್ಕಳು.

ಪೊನ್ನುತಾಯಿಗೆ ಏಳನೆಯ ವಯಸ್ಸಿಗೇ ಈಜು ಬರುತ್ತಿತ್ತು. ಅವಳ ಅಣ್ಣಂದಿರು ಅವಳನ್ನು ಎತ್ತಿ ಬಾವಿಗೆ ಎಸೆದಿದ್ದರು, ಅವಳು ಕೈಕಾಲು ಬಡಿದು ಮೇಲೆ ಬಂದಿದ್ದಳು. ಕಲಿತದ್ದು ಅಷ್ಟೇ. ಅವತ್ತು ಸೊಪ್ಪು ತಾರದೆ ಮನೆಗೆ ಹೋದಳು. ಮರುದಿನ ಅದೇ ಹೊತ್ತಿಗೆ ಮತ್ತೆ ಹೋದಳು. ಅದರ ಮರುದಿನವೂ ಹೋದಳು. ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತಿತ್ತು, ಆದರೂ ಹೋಗದಿರಲು ಆಗುತ್ತಿರಲಿಲ್ಲ.

*

ಬಿಸಿಲು ಚಪ್ಪರದ ಒಳಕ್ಕೆ ಇಳಿಯಿತು. ಹೂವಿನ ಹಾರಗಳು ಬಾಡುತ್ತಿದ್ದವು. ಜೀಪಿನ ಕಡೆಯಿಂದ ಒಬ್ಬ ಪೊಲೀಸು ಹಾಳೆ, ಪೆನ್ನು ಹಿಡಿದು ಬಂದು, ಬರೆದುಕೊಡುತ್ತೀರೋ ಇಲ್ಲವೋ, ಕತ್ತಲಾಗುವ ಮುಂಚೆ ತೀರ್ಮಾನ ಮಾಡಿ ಎಂದ. ಮಾದವನ್ ಪೆನ್ನು ತೆಗೆದುಕೊಂಡ. ಆಂಡಿ ಏನೋ ಸಮಾಧಾನ ಹೇಳಲು ಹೋದರು. ನಿಮ್ಮ ಮಗಳಾಗಿದ್ದರೆ ಹೀಗೇ ಹೇಳುತ್ತಿದ್ದಿರಾ ಎಂದು ಅವನು ಕೇಳಿದಾಗ ಹಿಂದಕ್ಕೆ ಸರಿದರು.

ಆಗ ಸೇಕರ್ ತಲೆಯೆತ್ತಿ ನೇರವಾಗಿ ಅತ್ತಿಗೆ ಪೊನ್ನುತಾಯಿಯ ಕಡೆ ನೋಡಿದ.

"ಅಣ್ಣೀ, ನೀವು ಮದ್ದಿಯಾನ ಸೊಪ್ಪಿಗೆ ಆ ಕಡೆ ಬತ್ತಿದ್ರಲ್ಲ. ಒಂದ್ ಸಲಾನಾದ್ರೂ ಕಾಣ್ಲಿಲ್ವಾ?"

ಎಲ್ಲರೂ ತಿರುಗಿದರು. ಅವಳ ಗಂಡ ಅಯ್ಯಾವು ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದವನು ಹಗ್ಗ ಹಿಡಿದೇ ತಿರುಗಿದ. ಪೊನ್ನುತಾಯಿ ಕಂಬದಿಂದ ಕೈ ತೆಗೆದಳು. ಒಂದು ಸಲ ಕಂಡೆ ಎಂದರೆ ಸಾಕಾಗಿತ್ತು. ಒಂದು ಸಲ ಕಂಡದ್ದು ತಪ್ಪಲ್ಲ, ಯಾರಿಗಾದರೂ ಕಾಣುತ್ತದೆ.

"ಕಂಡೆ," ಎಂದಳು. "ಒಂದ್ ಸಲ. ಕಲುಸ್ತಿದ್ದ."

ಮಾದವನ್ ಅವಳ ಹತ್ತಿರಕ್ಕೆ ಬಂದ. ಅವನ ಕಣ್ಣು ಕೆಂಪಾಗಿತ್ತು. "ಅಕ್ಕಾ, ನಿನ್ನೆ ಆಪೀಸರ್ ಕೇಳ್ದಾಗ ಗೊತ್ತಿಲ್ಲ ಅಂದ್ರಿ. ಇವತ್ತು ಮೈದುನ ಕೇಳ್ದಾಗ ಕಂಡೆ ಅಂತೀರಿ. ನಾ ಯಾವ್ದ ನಂಬ್ಲಿ? ಆ ಬಳೆ ಯಾಕೆ ಬಿಚ್ಚಿತ್ತು? ಅದ ಯೋಳಿ."

"ಕಲ್ಲಿಗೆ ತಾಗಿ ಒಡೀತವೆ ಅಂತ. ದಿನಾ ಮೂರ್ನೆ ಮೆಟ್ಲ ಮ್ಯಾಲೆ ಬಿಚ್ಚಿಡ್ತಿದ್ಲು. ಸೀರೆ ಮಡ್ಚಿ ಪಕ್ಕದಲ್ಲಿ, ಗಾಳಿಗೆ ಆರ್ದಂಗೆ ಕಲ್ಲಿಟ್ಟು."

"ದಿನಾ?" ಎಂದ ಮಾದವನ್.

ಚಪ್ಪರದಲ್ಲಿ ಒಂದು ಬೀಸಣಿಗೆಯೂ ಆಡಲಿಲ್ಲ.

"ದಿನಾ," ಎಂದಳು ಪೊನ್ನುತಾಯಿ. "ಮೂರು ವಾರ."

*

ಅಭಿರಾಮಿ ಸತ್ತ ದಿನ ಬೆಳಿಗ್ಗೆ ಸೇಕರ್ ಹಣ್ಣಿನ ಲಾರಿಯ ಜೊತೆ ಬತ್ತಲಗುಂಡಿಗೆ ಹೋಗಿದ್ದ. ಗೋವಿಂದಮ್ಮಾಳ್ ಉಂಡು ಮಲಗಿದ್ದರು. ಪೊನ್ನುತಾಯಿ ಹಿತ್ತಲ ಬಾಗಿಲಲ್ಲಿ ಮೊರ ಹಿಡಿದು ತೊಗರಿಬೇಳೆ ಆರಿಸುತ್ತಿದ್ದಳು. ಸೀರೆಯ ಒಳಗೆ ಚೂಡಿದಾರ್ ತೊಟ್ಟುಕೊಂಡು ಅಭಿರಾಮಿ ಬಂದು ಎದುರಿಗೆ ಕುಕ್ಕರಿಸಿದಳು.

"ಅಕ್ಕಾ, ಈ ಗೋಡೆಯಿಂದ ಆ ಗೋಡೆಗೆ ನಾನೇ ಓಗ್ಬಿಡ್ತೀನಿ ಅನ್ಸ್ತದೆ. ನಿನ್ನೆ ಮುಕ್ಕಾಲು ಓದೆ. ಅವ್ರು ಬರೋದ್ರೊಳ್ಗೆ ಕಲ್ತು ತೋರುಸ್ಬೇಕು. ನೀವು ಬನ್ನಿ ಅಕ್ಕಾ. ನೀರಿಗಿಳೀಬೇಡಿ, ಸುಮ್ಮಾ ಮ್ಯಾಲೆ ಕೂತಿದ್ರೆ ಸಾಕು. ನಿಮ್ಗೆ ಚೆನ್ನಾಗಿ ಬತ್ತದಂತೆ, ಅತ್ತೆ ಯೋಳಿದ್ರು."

ಅವಳ ಮುಖ ಪರೀಕ್ಷೆಗೆ ಹೊರಟವಳ ಹಾಗಿತ್ತು. ತನ್ನನ್ನು ದಿನವೂ ಬಳ್ಳಿಯ ಸಂದಿಯಿಂದ ಎರಡು ಕಣ್ಣು ನೋಡುತ್ತಿದ್ದವು ಎಂಬುದು ಅವಳಿಗೆ ತಿಳಿಯದು. ತಿಳಿದಿದ್ದರೂ ಹೀಗೇ ಬಂದು ಕರೆಯುತ್ತಿದ್ದಳೇನೋ. ಅವಳು ಅಂಥವಳು. ಪೊನ್ನುತಾಯಿಗೆ ಸಹಿಸಲು ಆಗದಿದ್ದದ್ದೂ ಅದೇ.

"ಕೆಲ್ಸ ಅದೆ," ಎಂದಳು.

ಅಭಿರಾಮಿ ಮೊರದ ಕಡೆ ನೋಡಿದಳು. ಅದರಲ್ಲಿ ಆರಿಸಲು ಏನೂ ಉಳಿದಿರಲಿಲ್ಲ.

"ಸರಿ ಅಕ್ಕಾ," ಎಂದು ಎದ್ದು ಹೋದಳು.

ಪೊನ್ನುತಾಯಿ ಅದೇ ಬೇಳೆಯನ್ನು ಮೊದಲಿನಿಂದ ಮತ್ತೊಮ್ಮೆ ಆರಿಸಿದಳು. ಆ ಒಂದು ಮಧ್ಯಾಹ್ನ ಮಾತ್ರ ಅವಳು ಗೊಬ್ಬರದ ಕೊಟ್ಟಿಗೆಯ ಕಡೆ ಹೋಗಲಿಲ್ಲ. ಗಂಡನಿಲ್ಲದೆ ಒಬ್ಬಳೇ ಈಜುವುದರಲ್ಲಿ ನೋಡಲು ಏನಿದೆ ಎಂದುಕೊಂಡಿದ್ದಳು.

*

ಇದನ್ನು ಚಪ್ಪರದಲ್ಲಿ ಹೇಳುವಾಗ ಅವಳು ಬೆಂಚಿನ ಮೇಲಿನ ಮುಖವನ್ನು ನೋಡಲಿಲ್ಲ. ಮಾದವನ್‌ನ ಕಂಕುಳಲ್ಲಿದ್ದ ಪೊಟ್ಟಣವನ್ನೇ ನೋಡುತ್ತ ಹೇಳಿದಳು. ಅಭಿರಾಮಿ ಬಂದು ಕರೆದಳು ಎಂದಳು. ತನಗೆ ಈಜು ಬರುತ್ತದೆ ಎಂದಳು.

"ಕೆಲ್ಸ ಅದೆ ಅಂದೆ. ಕೆಲ್ಸ ಇರ್ಲಿಲ್ಲ."

"ಅಂಗಾರೆ ಯಾಕೆ ಓಗ್ಲಿಲ್ಲ?" ಮಾದವನ್‌ನ ದನಿ ಏರಲಿಲ್ಲ. ನಿಜಕ್ಕೂ ತಿಳಿಯಬೇಕೆಂದೇ ಕೇಳಿದ.

ಪೊನ್ನುತಾಯಿಯ ಕೈ ತಾನಾಗಿ ಕತ್ತಿನ ಹಿಂದಕ್ಕೆ ಹೋಗಿ ಅಲ್ಲೇ ನಿಂತಿತು. "ಅವ್ರಿಬ್ರೂ ಚೆನ್ನಾಗಿದ್ರು," ಎಂದಳು ಕೊನೆಗೆ. "ನಾ ನೋಡ್ದಂಗೆ ಯಾರೂ ಅಷ್ಟ್ ಚೆನ್ನಾಗಿರ್ಲಿಲ್ಲ."

ಸೇಕರ್ ಮೊದಲ ಬಾರಿಗೆ ಸದ್ದು ಮಾಡಿ ಅತ್ತ. ಮಾದವನ್ ಪೆನ್ನನ್ನು ಪೊಲೀಸಿನವನ ಕೈಗೆ ಹಿಂದಿರುಗಿಸಿದ. ಪೊನ್ನುತಾಯಿಯ ಕಡೆ ಮತ್ತೆ ನೋಡಲಿಲ್ಲ. ಪೊಟ್ಟಣದ ದಾರ ಹಲ್ಲಿನಿಂದ ಕಡಿದು, ಗಿಳಿಹಸಿರಿನ ಸೀರೆಯನ್ನು ಕೊಡವಿದ.

"ಮಾಪ್ಳೆ," ಎಂದು ಸೇಕರ್‌ನನ್ನು ಕರೆದ. ಎರಡು ದಿನದಲ್ಲಿ ಅವನನ್ನು ಹಾಗೆ, ಮನೆಯ ಅಳಿಯನೆಂದು, ಕರೆದಿರಲಿಲ್ಲ. "ಆ ತುದಿ ಇಡ್ಕೊ."

ಇಬ್ಬರೂ ಸೀರೆಯನ್ನು ಅವಳ ಮೇಲೆ ಹಾಸಿದರು. ಸೇಕರ್ ಪಾದದ ಹತ್ತಿರ ಬಗ್ಗಿ, ಅಂಚು ನೆಲಕ್ಕೆ ತಾಗದಂತೆ ಎರಡೂ ಕಡೆ ಒಳಕ್ಕೆ ಮಡಿಸಿದ, ಚಳಿಯಾದೀತು ಎಂಬಂತೆ. ಅದನ್ನು ನೋಡಿದಾಗ ಪೊನ್ನುತಾಯಿಯ ಹೊಟ್ಟೆಯಲ್ಲಿ ಆ ಕೆಂಡ ಮತ್ತೆ ಕದಲಿತು. ಈಗಲೂನಾ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಪೊಲೀಸ್ ಜೀಪು ತಿರುಗಿಕೊಂಡು ಹೋಯಿತು. ಗಂಡಸರು ಚಟ್ಟ ಎತ್ತಿದರು. ಮುಂದಿನ ಬಿದಿರಿಗೆ ಹೆಗಲು ಕೊಟ್ಟ ಅಯ್ಯಾವು ಚಪ್ಪರ ದಾಟುವಾಗ ಹೆಂಡತಿಯ ಕಡೆ ನೋಡಿದ. ಅವಳನ್ನು ಹಿಂದೆ ಎಲ್ಲಿಯೋ ಕಂಡ ನೆನಪು ಎನ್ನುವ ಹಾಗೆ ನೋಡಿ, ಮುಂದೆ ನಡೆದ. ತಮಟೆಯ ಸದ್ದು ಬೀದಿ ತಿರುಗಿ ಕ್ಷೀಣವಾದ ಮೇಲೆ ಹೆಂಗಸರ ಮಾತು ಕೇಳತೊಡಗಿತು. ಪಾಪ ಸೇಕರ್, ಚಿನ್ನದಂಥ ಹುಡುಗ, ನಾವೇ ಏನೇನೋ ಅಂದುಬಿಟ್ಟೆವು ಎಂದರು. ಆಮೇಲೆ ಕಣ್ಣಮ್ಮಾಳ್‌ನ ದನಿ ತಗ್ಗಿತು. "ಮೂರು ವಾರ. ದಿನಾ. ಮೈದುನ ನೀರಲ್ಲಿರೋದ ನೋಡ್ಕೊಂಡು." ಅದರ ಮುಂದಿನದನ್ನು ಒಬ್ಬರ ಕಿವಿಯಿಂದ ಒಬ್ಬರು ತೆಗೆದುಕೊಂಡರು.

ಮನೆ ತೊಳೆದು ಹೆಂಗಸರೆಲ್ಲ ಬೀದಿಯ ಕೊನೆಯ ತೊಟ್ಟಿಗೆ ಮೀಯಲು ಹೋದರು. ಸಾವಿನ ಮೀಹದಲ್ಲಿ ತನ್ನ ತಲೆಗೆ ತಾನೇ ನೀರು ಹೊಯ್ದುಕೊಳ್ಳುವುದಿಲ್ಲ. ಒಬ್ಬಳಿಗೆ ಇನ್ನೊಬ್ಬಳು ಹೊಯ್ಯಬೇಕು. ಗೋವಿಂದಮ್ಮಾಳ್‌ಗೆ ಕಣ್ಣಮ್ಮಾಳ್ ಹೊಯ್ದಳು. ಪೊನ್ನುತಾಯಿ ಕೂದಲು ಬಿಚ್ಚಿ, ಮುಂದಕ್ಕೆ ಇಳಿಬಿಟ್ಟು, ಕತ್ತು ಬಗ್ಗಿಸಿ ನಿಂತಳು. ಬಿಂದಿಗೆ ತೊಟ್ಟಿಯಲ್ಲಿ ಮುಳುಗಿದ ಸದ್ದು ಕೇಳಿತು. ನೀರು ಅವಳ ಎಡಕ್ಕಿದ್ದವಳ ಮೇಲೆ ಬಿತ್ತು. ಬಿಂದಿಗೆ ಮತ್ತೆ ಮುಳುಗಿತು. ನೀರು ಅವಳ ಬಲಕ್ಕಿದ್ದವಳ ಮೇಲೆ ಬಿತ್ತು. ಅವಳು ತಲೆ ಎತ್ತಲಿಲ್ಲ. ಬೇರೆಯವರ ಮೈಮೇಲಿಂದ ಇಳಿದ ನೀರು ಅವಳ ಪಾದಗಳ ನಡುವೆ ಹರಿದು ಚರಂಡಿಗೆ ಸೇರುತ್ತಿತ್ತು. ಅದರ ಮೇಲೆ ಅವಳ ಒಣ ಕೂದಲು ಗಾಳಿಗೆ ಅಲುಗುತ್ತಿತ್ತು.