ಹೆಗಲಿಗೆ ನೇಯ್ದ ಪಟ್ಟಿ

ಈಶಪ್ಪ ಕಾಕಾನಿಗೆ ನಾನು ಸುಳ್ಳು ಹೇಳಲಿಲ್ಲ. ಇದನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಗೊತ್ತಿಲ್ಲ. ನನ್ನ ಚಿತ್ರವನ್ನು ನೋಡಿ ಅವರು "ಇದು ಯಾತಕ್ಕ?" ಎಂದು ಕೇಳಿದಾಗ, "ಘಾನಾ ದೇಶದಾಗ ಇದನ್ನ ಹೆಗಲ ಮ್ಯಾಲ ಹೊದ್ಕೋತಾರ ಕಾಕಾ" ಎಂದೆ. ಅದು ಖರೆಯೇ. ನಾನು ಅದರಿಂದ ಏನು ಮಾಡಲಿದ್ದೇನೆ ಎಂಬುದನ್ನು ಮಾತ್ರ ಹೇಳಲಿಲ್ಲ.

ನಾನು ಮಾಡಲಿದ್ದದ್ದು ಬೂಟು.

ಹಗಲು ನಾನು ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಲಗ್ನಪತ್ರಿಕೆ, ಶ್ರದ್ಧಾಂಜಲಿ, ಶಾಲೆಯ ಪ್ರಶ್ನೆಪತ್ರಿಕೆ ಜೋಡಿಸುತ್ತೇನೆ. ಎರಡು ವರ್ಷ ಸಂಜೆ ಕ್ಲಾಸಿಗೆ ಹೋಗಿ ಡಿಸೈನ್ ಡಿಪ್ಲೊಮಾ ಮಾಡಿದೆ. ಈ ವರ್ಷ ಒಂದು ಬೂಟಿನ ಕಂಪನಿ, ಆಫ್ರಿಕಾದ ಪರಂಪರೆ ಮತ್ತು ಅಲ್ಲಿನ ನೇಯ್ಗೆಯನ್ನು ಆಧರಿಸಿದ ಸ್ನೀಕರುಗಳ ಕಲ್ಪನೆ ಕಳಿಸಿ ಎಂದು ಆನ್‌ಲೈನಿನಲ್ಲಿ ಕರೆ ಕೊಟ್ಟಿತ್ತು. ಘಾನಾದ ಕೆಂಟೆ ಅರಿವೆಯ ಚಿತ್ರಗಳನ್ನು ತಿಂಗಳುಗಟ್ಟಲೆ ನೋಡಿ ನಾನೂ ಒಂದು ಬೂಟಿನ ಚಿತ್ರ ಬರೆದು ಕಳಿಸಿದೆ. ನಾಲ್ಕು ಬೆರಳಗಲದ ಪಟ್ಟಿಗಳನ್ನು ಬೇರೆ ಬೇರೆ ನೇಯ್ದು, ಅಂಚಿಗೆ ಅಂಚು ಸೇರಿಸಿ ಹೊಲಿಯುವುದು ಅಲ್ಲಿಯ ಪದ್ಧತಿ. ಹಳದಿ, ಹಸಿರು, ಕೆಂಪು, ಕಪ್ಪು. ಆ ಪಟ್ಟಿ ಹಿಮ್ಮಡಿಯಿಂದ ಹೊರಟು ಬೆರಳ ತುದಿಯವರೆಗೆ ಬಳಸಿ ಬರುವ ಹಾಗೆ ನನ್ನ ಬೂಟು.

ಹನ್ನೆರಡು ಮಂದಿಯನ್ನು ಆರಿಸಿದ್ದರು. ಅದರಲ್ಲಿ ನನ್ನ ಹೆಸರಿತ್ತು. ತಪ್ಪಿ ಬಂದಿರಬೇಕು ಎಂದು ಅವರ ಇ-ಮೇಲನ್ನು ಮೂರು ಸಲ ಓದಿದೆ. ಎರಡು ವಾರದಾಚೆಯ ಶನಿವಾರದೊಳಗೆ ಮಾದರಿ ಬೂಟಿನ ಫೋಟೋ ಕಳಿಸಬೇಕು. ಗೆದ್ದವರಿಗೆ ಅವರ ಡಿಸೈನ್ ವಿಭಾಗದಲ್ಲಿ ಕೆಲಸ. ನನಗೆ ಮೂವತ್ತೊಂದು. ಸಂಜೆ ಕ್ಲಾಸಿನ ಸರ್ಟಿಫಿಕೇಟು ನೋಡಿ ಇದುವರೆಗೆ ಯಾರೂ ನನ್ನನ್ನು ಕೂರಿಸಿ ಮಾತಾಡಿಸಿರಲಿಲ್ಲ.

ಬೆಟಗೇರಿಯಲ್ಲಿ ನಮ್ಮ ಹಿಂದಿನ ಓಣಿಯಲ್ಲೇ ಮಗ್ಗ ನಡೆಸುವ ಈಶಪ್ಪ ಕಾಕಾನ ಮನೆ. ಪಟ್ಟಿ ನೇಯ್ದುಕೊಡಿ ಎಂದು ಚಿತ್ರ ಹಿಡಿದು ಅವರಲ್ಲಿಗೇ ಹೋದೆ. ಮಗ್ಗದ ಮೇಲಿನ ಅರಿವೆಗೆ ಅಪ್ಪಿತಪ್ಪಿ ಕಾಲು ತಾಗಿದರೆ ಅವರು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಬೂಟಿಗೆ ಎಂದರೆ ಒಲ್ಲೆ ಎನ್ನುತ್ತಾರೆ ಅನ್ನಿಸಿತು. ಅದಕ್ಕೇ ಹೆಗಲಿನ ಮಾತು.

"ಇದಕ್ಕ ಹೆಸರೇನು?" ಎಂದು ಕೇಳಿದರು.

"ಕೆಂಟೆ ಅಂತಾರ."

"ಅದು ಅರಿವಿ ಹೆಸರಾತು. ಈ ಪಟ್ಟಿ ಹೆಸರೇನು? ನಮ್ಮಲ್ಲಿ ಸೀರಿ ದಡಿಗೊಂದು ಹೆಸರು ಐತಿ. ಇದನ್ನ ಲಗ್ನದಾಗ ಹೊದ್ಕೋತಾರೋ, ಸತ್ತಲ್ಲಿ ಹೊದ್ಕೋತಾರೋ?"

ನನಗೆ ಗೊತ್ತಿರಲಿಲ್ಲ. ಬಣ್ಣ ನೋಡಿದ್ದೆ, ಗೆರೆ ಎಣಿಸಿದ್ದೆ. ಇದನ್ನು ಹುಡುಕಿರಲಿಲ್ಲ.

ಒಳಗಿನಿಂದ ಅಮೃತವ್ವ ಕಾಕಿ ಕೂಗಿದರು: "ಪಾಪ, ಹುಡುಗಿನ್ನ ಯಾಕ ಗೋಳು ಹೊಯ್ಕೋತೀರಿ? ಹೆಸರಿಲ್ಲಂದ್ರ ನಿಮ್ಮದ ಇಟ್ಟಬಿಡ್ರಿ. ಈಶಪ್ಪನ ದಡಿ!"

ಕಾಕಾ ಲಾಳಿ ಕೆಳಗಿಟ್ಟು ನಕ್ಕರು. "ಕೇಳಿದ್ಯೇನು ತಂಗಿ? ಲಗ್ನಾಗಿ ನಲವತ್ತು ವರ್ಷಾತು, ಒಮ್ಮಿ ನನ್ನ ಹೆಸರು ಹಿಡದಾಕಿ ಅಲ್ಲ. ಘಾನಾದವರು ಬಂದು ಹೇಳಸಬೇಕಾತು ನೋಡು."

ಎಂಟು ದಿನದಲ್ಲಿ ಪಟ್ಟಿ ಸಿದ್ಧವಾಯಿತು. ಮೂರು ಮೊಳ. ಚಿತ್ರದಲ್ಲಿ ನಾನು ಬರೆದದ್ದಕ್ಕಿಂತ ಚೆಂದವಿತ್ತು. ಕೈಯಲ್ಲಿ ಹಿಡಿದರೆ ಭಾರವೇ ಇಲ್ಲ. ಕಾಕಿ ಅದರ ಒಂದು ಮೂಲೆಗೆ ಅರಿಶಿಣ ಹಚ್ಚಿ, ದೇವರ ಮುಂದಿಟ್ಟು ತಂದು, ನನ್ನ ಹೆಗಲಿಗೆ ಹಾಕಿದರು. "ಹೆಗಲಿಗಂದ್ಯಲ್ಲ, ಮೊದಲ ನೀನ ಹಾಕ್ಕೋ" ಎಂದರು. ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. "ಅರ್ಜಿಯೊಳಗ ನೇಯ್ದವರು ಅನ್ನೋ ಕಡೆ ನಿಮ್ಮ ಹೆಸರು ಬರೀತೇನಿ ಕಾಕಾ" ಎಂದಷ್ಟೇ ಹೇಳಿ ಬಂದೆ.

ಗುರುವಾರ ಪ್ರೆಸ್ಸಿಗೆ ರಜೆ ಹಾಕಿ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಅಲ್ಲಿ ಯೂಸುಫಣ್ಣ ಅಳತೆ ತೆಗೆದುಕೊಂಡು ಬೂಟು ಹೊಲಿಯುವವರು. ನನ್ನ ಚಿತ್ರವನ್ನು ಅವರು ಮೊದಲೇ ಒಪ್ಪಿದ್ದರು. ಪಟ್ಟಿಯನ್ನು ಬಿಚ್ಚಿದವರು ಮೂಲೆಯ ಅರಿಶಿಣ ನೋಡಿ ಕತ್ತರಿ ಬದಿಗಿಟ್ಟರು.

"ಅಕ್ಕಾರ, ಇದಕ್ಕ ಅರಿಶಿಣ ಹಚ್ಚ್ಯಾರಲ್ಲ?"

"ಹೊಸಾ ಅರಿವಿಗೆ ಹಚ್ಚತಾರಲ್ಲರಿ, ಅಷ್ಟ."

"ಕತ್ತರಿಸೂಕಿಂತ ಮೊದಲ ಒಮ್ಮಿ ಎಳದು ನೋಡ್ತೇನಿ, ತಡೀರಿ."

ಬೂಟು ಕೂಡಿಸುವ ಮರದ ಪಾದವನ್ನು ತೊಡೆಯ ನಡುವೆ ಹಿಡಿದು, ಪಟ್ಟಿಯನ್ನು ಅದರ ಮೂತಿಯ ಮೇಲೆ ಬಿಗಿದು ಎಳೆದರು. ಬೆರಳು ಮಡಚುವ ಜಾಗದಲ್ಲಿ ಎಳೆಗಳು ಸರಿದು ನಿಂತವು. ಹಳದಿಯ ನಡುವೆ ಮರ ಕಾಣಿಸಿತು.

"ನೇದವರ ಕೈ ಭಾಳ ಚಲೋ ಐತ್ರಿ" ಎಂದರು ಯೂಸುಫಣ್ಣ. "ಆದ್ರ ಇದು ಕಾಲಿಗಂತ ನೇದದ್ದಲ್ಲ. ಅವರಿಗೆ ಹೇಳಿದ್ರಿಲ್ಲೋ?"

ನಾನು ಪಟ್ಟಿಯನ್ನು ಮರದ ಪಾದದಿಂದ ಬಿಡಿಸಿಕೊಂಡೆ. ಅವರಿಗೆ ಅರ್ಥವಾಯಿತೇನೋ. "ಹಿಂದ ಕ್ಯಾನ್ವಾಸ ಕೊಟ್ಟು ಅಂಟಿಸಿದ್ರ ಫೋಟೋದಾಗ ಯಾರಿಗೂ ಗೊತ್ತಾಗಂಗಿಲ್ಲ. ಮೆಟ್ಟಿದ ದಿನ ಗೊತ್ತಾಗತೈತಿ, ಅಷ್ಟ. ವಿಚಾರ ಮಾಡಿ ಹೇಳ್ರಿ" ಎಂದರು.

ವಾಪಸು ಬರುವಾಗ ಬಸ್ಸು ಶಿರಹಟ್ಟಿಯಲ್ಲಿ ಬಹಳ ಹೊತ್ತು ನಿಂತಿತು. ಅಂಟಿಸಬಹುದು. ಯಾರೂ ಮೆಟ್ಟುವ ಬೂಟಲ್ಲ, ಕಲ್ಪನೆಯ ಬೂಟು. ಹಾಗೆಂದುಕೊಂಡೇ ಪಟ್ಟಿಯನ್ನು ಬಿಚ್ಚಿ ನೋಡಿದೆ. ಸರಿದ ಎಳೆಗಳನ್ನು ಉಗುರಿನಿಂದ ಕೂಡಿಸಲು ಹೋದೆ, ಇನ್ನಷ್ಟು ಸರಿದವು.

ಬೆಟಗೇರಿಯಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಕಾಕಾನ ಹತ್ತಿರ ಹೋದೆ. ಕೂರಲಿಲ್ಲ.

"ಕಾಕಾ, ಅದು ಹೆಗಲಿಗಲ್ಲ. ಬೂಟಿಗೆ."

ಲಾಳಿ ನಿಂತಿತು. ಕಾಕಿ ಅಡಿಗೆಮನೆಯ ಬಾಗಿಲಿಗೆ ಬಂದು, "ಯಾವ ಬೂಟು?" ಎಂದರು.

"ಕಾಲಾಗ ಹಾಕ್ಕೋತಾರಲ್ಲ, ಅದ ಬೂಟು ಕಾಕಿ."

ಕಾಕಾ ಕೈ ಚಾಚಿದರು. ಪಟ್ಟಿ ಕೊಟ್ಟೆ. ಎಳೆ ಸರಿದ ಜಾಗಕ್ಕೆ ತಾನಾಗಿಯೇ ಬಂದು ಹೆಬ್ಬೆರಳು ನಿಂತಿತು. ಬೈಗುಳಕ್ಕೆ ನಾನು ಕಾಯುತ್ತಿದ್ದೆ.

"ಮೊದಲ ಯಾಕ ಹೇಳಲಿಲ್ಲ?"

"ಒಲ್ಲೆ ಅಂತೀರಂತ ಅಂಜಿದ್ನಿ."

"ಒಲ್ಲೆ ಯಾಕ ಅಂತಿದ್ದೆ? ಜಮಖಾನಿ ನೇಯವರು ನೇಯಂಗಿಲ್ಲೇನು? ಮಂದಿ ಅದರ ಮ್ಯಾಲ ಅಡ್ಡಾಡಂಗಿಲ್ಲೇನು?" ದನಿ ಏರಲಿಲ್ಲ. "ಹೆಗಲಿಗಂದಿ, ಒಂಟಿ ಎಳಿ ಹಾಕಿ ಹಗುರಾಗಿ ಬಡದು ನೇದೆ. ಕಾಲಿಗಂದಿದ್ರ ಜೋಡಿ ಎಳಿ ಹಾಕಿ ಗಟ್ಟಿ ಬಡೀತಿದ್ದೆ. ಇದನ್ನ ಈಗ ನೋಡಿದವರು ಏನಂತಾರ? ಮುದುಕನ ಕೈ ಸೋತೈತಿ ಅಂತಾರ."

"ತಪ್ಪಾತು ಕಾಕಾ."

"ಆ ಊರಾಗ ಇದನ್ನ ನೇಯವರ್ನರ ಕೇಳೀಯೇನು? ಕಾಲಿಗೆ ಬಳಸಬಹುದೋ ಇಲ್ಲೋ ಅಂತ?"

"ಇಲ್ಲ."

"ಅವರಿಗೂ ಹೇಳಿಲ್ಲ, ನಮಗೂ ಹೇಳಿಲ್ಲ." ಪಟ್ಟಿಯನ್ನು ಮಡಚಿ ನನ್ನ ಕೈಗೇ ಕೊಟ್ಟರು. "ನಿನ್ನ ಅರಿವಿ, ಏನರ ಮಾಡ್ಕೋ. ನಾ ನೇದದ್ದಂತ ಮಾತ್ರ ಬರೀಬ್ಯಾಡ."

ಇನ್ನೊಂದು ಪಟ್ಟಿ ನೇಯ್ದುಕೊಡಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಶನಿವಾರಕ್ಕೆ ಉಳಿದಿದ್ದದ್ದೂ ಎರಡೇ ದಿನ.

ಶನಿವಾರ ಊಟದ ಬಿಡುವಿನಲ್ಲಿ ಪ್ರೆಸ್ಸಿನ ಕಂಪ್ಯೂಟರಿನಲ್ಲೇ ಕಂಪನಿಯ ಅರ್ಜಿ ತೆರೆದೆ. ನೇಯ್ದವರ ಹೆಸರು ಎಂಬ ಕಡೆ ಮೊದಲೇ ಬರೆದಿಟ್ಟಿದ್ದ ಈಶಪ್ಪ ಎಂಬುದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದೆ. ಯೂಸುಫಣ್ಣನಿಗೆ ಫೋನು ಹಚ್ಚಿ ಪಟ್ಟಿಯನ್ನು ಮಧ್ಯಾಹ್ನದ ಬಸ್ಸಿಗೆ ಕೊಟ್ಟು ಕಳಿಸಿದರೆ ರಾತ್ರಿಯೊಳಗೆ ಅಂಟಿಸಿ ಫೋಟೋ ಕಳಿಸುತ್ತಾರೆ. ಆ ಜಾಗ ಖಾಲಿ ಬಿಟ್ಟರೆ ಯಾರೂ ಕೇಳುವುದಿಲ್ಲ. ಫೋನು ಕೈಯಲ್ಲೇ ಇತ್ತು. ಕಡೆಗೆ ಬರೀ ಚಿತ್ರವನ್ನು ಲಗತ್ತಿಸಿ ಹೀಗೆ ಬರೆದೆ: ಮಾದರಿ ಇಲ್ಲ. ನೇಕಾರರಿಗೆ ಇದು ಯಾತಕ್ಕೆಂದು ನಾನು ಹೇಳಿರಲಿಲ್ಲ, ಆದ್ದರಿಂದ ಅರಿವೆ ಬೂಟಿಗೆ ತಾಳಲಿಲ್ಲ. ಈ ಪಟ್ಟಿಯ ಹೆಸರು ನನಗೆ ಗೊತ್ತಿಲ್ಲ. ಅಲ್ಲಿ ಇದನ್ನು ನೇಯುವವರನ್ನು ಇನ್ನೂ ಕೇಳಿಲ್ಲ.

ಕಳಿಸಿಬಿಟ್ಟೆ. ಪ್ರಾಮಾಣಿಕಳಾಗಿ ಬರೆದೆನೋ, ಗೆದ್ದರೆ ಊರು ಬಿಟ್ಟು ಆ ಕೆಲಸಕ್ಕೆ ಹೋಗಬೇಕಾದೀತು ಎಂದು ಹೆದರಿ ಬರೆದೆನೋ, ಈಗಲೂ ಹೇಳಲಾರೆ. ಅದೇ ದಿನ ಘಾನಾದ ಒಂದು ನೇಕಾರರ ಸಂಘಕ್ಕೂ ಮೇಲ್ ಬರೆದೆ.

ಭಾನುವಾರ ಕಾಕಾನ ಮನೆಗೆ ಹೋದೆ. ಕಾಕಿ "ಕುಂಡ್ರು, ಚಾ ಇಡ್ತೇನಿ" ಎಂದು ಒಳಗೆ ಹೋದರು. ಕಾಕಾ ತಲೆ ಎತ್ತಲಿಲ್ಲ.

"ನಿಮ್ಮ ಹೆಸರು ಹಾಕಲಿಲ್ಲ ಕಾಕಾ. ಅರಿವೀನೂ ಕಳಸಲಿಲ್ಲ."

ಲಾಳಿ ನಾಲ್ಕೈದು ಸಲ ಓಡಾಡಿತು.

"ಅದರ ಹೆಸರು ಸಿಕ್ತೇನು?"

"ಬರದು ಕೇಳೇನಿ. ಇನ್ನೂ ಉತ್ತರ ಬಂದಿಲ್ಲ."

"ಬರಲಿ" ಎಂದರು. ಅಷ್ಟೇ. ನನ್ನ ಕಡೆ ನೋಡಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಕಾಕಿ ತಂದಿಟ್ಟ ಚಾ ಆರುವವರೆಗೂ ನಾನು ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕೂತಿದ್ದೆ.