ಗೂಟ ಸೀನಿದ ಹಲಗೆ

ಅವನ ಹೆಸರು ಬೀದಿಯವರಿಗೆ ಮರೆತೇಹೋಗಿತ್ತು. ಎಲ್ಲರ ಬಾಯಲ್ಲೂ ಅವನು ಮೂಗಿನ ಮೇಸ್ತ್ರಿ. ಉಳಿದ ಬಡಗಿಗಳು ಹಲಗೆಯನ್ನು ಕಣ್ಣಿಂದ ಅಳೆದು, ಬೆರಳಿಂದ ತಟ್ಟಿ ಕೊಂಡರೆ, ಇವನು ಅದರ ಮೈಯಿಂದ ಒಂದು ಎಳೆ ಹೆರೆದು, ಆ ಸುರುಳಿಯನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ ತೀರ್ಪು ಕೊಡುತ್ತಿದ್ದ. ಇದು ಇನ್ನೂ ಹಸಿ. ಇದು ಒಳಗೆ ಕೊಳೆತಿದೆ. ಸೀಳಿ ನೋಡಿದರೆ ಅವನು ಹೇಳಿದ್ದೇ ನಿಜವಾಗಿರುತ್ತಿತ್ತು. ಅವನು ಬರುವುದು ಕಂಡರೆ ಮರದ ಅಂಗಡಿಯವನು ಕೆಟ್ಟ ಹಲಗೆಗಳನ್ನು ಹಿಂದಕ್ಕೆ ತಳ್ಳುತ್ತಿದ್ದ. ಮೇಸ್ತ್ರಿಗೆ ತನ್ನ ಮೂಗಿನ ಬಗ್ಗೆ ಜಂಬವಿತ್ತು, ಅದನ್ನೇನೂ ಮುಚ್ಚಿಡುವುದು ಬೇಡ.

ಚಳಿಗಾಲದ ಕೊನೆಗೆ ಅವನಿಗೊಂದು ಜ್ವರ ಬಂತು. ಹೋಗುವಾಗ ಅದು ಸುಮ್ಮನೆ ಹೋಗಲಿಲ್ಲ, ಮೂಗನ್ನೂ ಹೊತ್ತುಕೊಂಡು ಹೋಯಿತು. ಎದ್ದು ಕೆಲಸಕ್ಕೆ ಹೋದ ದಿನ ತೇಗದ ಹಲಗೆ ಹೆರೆದು ಮೂಗಿಗೆ ಹಿಡಿದರೆ ಏನೂ ಇಲ್ಲ. ಮತ್ತೊಮ್ಮೆ ಎಳೆದ. ಗಾಳಿ ಮಾತ್ರ ಬಂತು. ಅವನಿಗೆ ಅಳು ಬಂದಿತ್ತು. ಆದರೆ ಅಷ್ಟರಲ್ಲಿ ಗಿರಾಕಿಯೊಬ್ಬ ಬಂದುಬಿಟ್ಟ.

ಮೇಸ್ತ್ರಿ ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಸುರುಳಿಯನ್ನು ಮೂಗಿಗೆ ಹಿಡಿಯುವ ಆಟವನ್ನು ಹಾಗೇ ನಡೆಸಿದ. ತೀರ್ಪು ಕೊಡುವ ಕೆಲಸವನ್ನು ಮಾತ್ರ ಗೂಟನಿಗೆ ವಹಿಸಿದ.

ಗೂಟ ಅವನ ನಾಯಿ. ಮರಿಯಾಗಿದ್ದಾಗ ಎಲ್ಲಿಂದಲೋ ಬಂದು ಕೆಲಸದ ಕೋಣೆಯ ಬಾಗಿಲಲ್ಲಿ ಗೂಟ ಹೊಡೆದುಕೊಂಡು ಕೂತದ್ದಕ್ಕೆ ಆ ಹೆಸರು. ಒಳ್ಳೆಯ ಮರ ಹೆರೆದರೆ ಅದು ಸುರುಳಿಗಳ ರಾಶಿಯ ಮೇಲೆ ಹೊರಳಾಡಿ ಅಲ್ಲೇ ನಿದ್ದೆ ಹೋಗುತ್ತಿತ್ತು. ಹಸಿ ಮರವಾದರೆ ಒಮ್ಮೆ ನೆಕ್ಕಿ ಎದ್ದು ಹೋಗುತ್ತಿತ್ತು. ಕೊಳೆತದ್ದಾದರೆ ಸೀನುತ್ತಿತ್ತು. ಮೇಸ್ತ್ರಿ ಆಟವಾಡಿಸುವವನಂತೆ ಒಂದು ಸುರುಳಿಯನ್ನು ಅದರ ಮುಂದೆ ಎಸೆದು, ಓರೆಗಣ್ಣಲ್ಲಿ ನೋಡಿ, ಆಮೇಲೆ ಗಂಭೀರವಾಗಿ ತೀರ್ಪು ಹೇಳುತ್ತಿದ್ದ. ನಾಯಿ ಒಮ್ಮೆಯೂ ತಪ್ಪಲಿಲ್ಲ. ಕೀರ್ತಿ ಮೇಸ್ತ್ರಿಗೆ, ಬಿಸ್ಕತ್ತು ಗೂಟನಿಗೆ.

ಹೀಗಿರುವಾಗ ಮಗಳಿಗೆ ಹೆಣ್ಣು ಮಗು ಹುಟ್ಟಿತು. ಹೆಂಡತಿ ಆಸ್ಪತ್ರೆಯಲ್ಲಿ ಬಾಣಂತಿಯ ಜೊತೆಗಿದ್ದಳು. ತಾಯಿ ಮಗು ಮನೆಗೆ ಬರುವಷ್ಟರಲ್ಲಿ ತೊಟ್ಟಿಲು ಸಿದ್ಧವಿರಬೇಕೆಂದು ಮೇಸ್ತ್ರಿ ಹಟ ಹಿಡಿದ. ಯಾವುದೋ ಹಳೇ ಮನೆ ಕೆಡವಿದಾಗ ಸಿಕ್ಕ ಬಾಗಿಲಿನ ಹಲಗೆಗಳನ್ನು ತಂದ. ಕಣ್ಣಿಗೆ ಅಪ್ಪಟ ತೇಗ, ಗೆರೆಗಳು ಬಾಚಿದ ಕೂದಲಿನಷ್ಟು ನೇರ. ಅವನು ಹಿಗ್ಗಿ ಮೊದಲ ಸುರುಳಿಯನ್ನು ಗೂಟನ ಮುಂದೆ ಎಸೆದ.

ಗೂಟ ಮೂಸಿ ಸೀನಿತು. ಇನ್ನೊಮ್ಮೆ ಸೀನಿ, ಗುರ್ ಎಂದು, ಹೊರಗೆ ಹೋಗಿ ಬಿಸಿಲಲ್ಲಿ ಕೂತಿತು. ಕರೆದರೂ ಬರಲಿಲ್ಲ.

ಬೆಳಿಗ್ಗೆ ಚಪ್ಪಲಿ ಕಚ್ಚಿದ್ದಕ್ಕೆ ಬೈದಿದ್ದೆನಲ್ಲ, ಅದರ ಮುನಿಸು ಎಂದುಕೊಂಡ ಮೇಸ್ತ್ರಿ. "ನಾಯಿ ಬೊಗಳಿದರೆ ದೇವಲೋಕ ಹಾಳಾಗುತ್ತಾ?" ಎಂದು ಗೊಣಗಿ ಹೆರೆಯುತ್ತಲೇ ಹೋದ. ಅಷ್ಟು ತಿಂಗಳು ಆ ನಾಯಿಯ ಮೂಗಿನಿಂದಲೇ ಅನ್ನ ತಿಂದವನು ಆಡುವ ಮಾತೇ ಇದು? ಆದರೆ ಮೊಮ್ಮಗಳ ತೊಟ್ಟಿಲಿನ ಮರವನ್ನಾದರೂ ತಾನೇ ಆರಿಸಿದೆ ಅನ್ನಿಸಿಕೊಳ್ಳುವ ಆಸೆ ಅವನಿಗಿತ್ತು.

ತೊಟ್ಟಿಲು ಸೊಗಸಾಗಿಯೇ ಬಂತು. ಮೇಲೆ ಎಣ್ಣೆ, ಮೇಣ ತಿಕ್ಕಿ ಕನ್ನಡಿ ಮಾಡಿದ. ಮಗಳು ಬಂದವಳೇ ಅದರ ಅಂಚು ಸವರಿ, "ಎಣ್ಣೆ ಪರಿಮಳ ಎಷ್ಟು ಚೆನ್ನಾಗಿದೆ! ಅಪ್ಪ ಮೂಸಿ ಆರಿಸಿದ ಮರ ಅಂದ್ಮೇಲೆ ಕಣ್ಮುಚ್ಚಿ ಮಲಗಿಸಬಹುದು ಬಿಡಿ" ಎಂದಳು. ಮೇಸ್ತ್ರಿಗೆ ಎಲ್ಲೋ ಚುಳುಕ್ಕೆಂದಿತು.

ಅವಳು ಬಟ್ಟೆ ಹಾಸಿ ಮಗುವಿನೊಂದಿಗೆ ಬಗ್ಗಿದ್ದೇ ತಡ, ಗೂಟ ನುಗ್ಗಿ ಬಂದು ಬಟ್ಟೆಯನ್ನು ಹಲ್ಲಲ್ಲಿ ಕಚ್ಚಿ ಎಳೆದು ನೆಲಕ್ಕೆ ಕೆಡವಿತು. ತೊಟ್ಟಿಲಿಗೂ ಮಗಳಿಗೂ ನಡುವೆ ನಿಂತು ಸೀನಿತು.

"ಏನ್ರೀ, ಓಡಿಸ್ರೀ ಇದನ್ನ! ಮಗೂನ ಕಂಡು ಹೊಟ್ಟೆಕಿಚ್ಚು ಪಡ್ತಿದೆ" ಎಂದು ಹೆಂಡತಿ ಕೂಗಿದಳು.

ಮೇಸ್ತ್ರಿ ಕೈ ಎತ್ತಿದ. ನಾಯಿ ಕಿವಿ ಮಡಚಿಕೊಂಡಿತು, ಆದರೆ ಜಾಗ ಬಿಡಲಿಲ್ಲ. ಎತ್ತಿದ ಕೈ ಹಾಗೇ ನಿಂತಿತು. ಈಗ ಬಾಯಿ ಬಿಟ್ಟರೆ ಮೂಗಿನ ಮೇಸ್ತ್ರಿ ಎಂಬುವನು ಇರುವುದಿಲ್ಲ. ಬಿಡದಿದ್ದರೆ ಮಗು ಅದರಲ್ಲಿ ಮಲಗುತ್ತದೆ.

"ಮಲಗಿಸಬೇಡ ಮಗಳೇ."

"ಯಾಕಪ್ಪಾ?"

"ನಾನು ಮೂಸಿ ಆರಿಸಿದ ಮರ ಅಲ್ಲ ಅದು. ನನಗೆ ವಾಸನೆನೇ ಬರಲ್ಲ ಕಣಮ್ಮ. ಆ ಜ್ವರ ಬಂದಾಗಿನಿಂದ."

ಅವನು ತೊಟ್ಟಿಲನ್ನು ಮಗುಚಿ, ಉಳಿಯಿಂದ ತಳದ ಹಲಗೆಯನ್ನು ಆಳವಾಗಿ ಕೆತ್ತಿ, ಚಕ್ಕೆಯನ್ನು ಹೆಂಡತಿಯ ಕೈಗಿಟ್ಟ. ಅವಳು ಮೂಸಿ ಮುಖ ಕಿವುಚಿದಳು.

"ಅಯ್ಯೋ, ಗೆದ್ದಲಿಗೆ ಹೊಡಿಯೋ ವಿಷ! ಮರಕ್ಕೆ ಕುಡಿಸಿಬಿಟ್ಟಿದ್ದಾರಲ್ರೀ." ಆಮೇಲೆ ಸಿಟ್ಟೂ ಅಳುವೂ ಒಟ್ಟಿಗೇ ಬಂತು. "ಇಷ್ಟು ದಿನ ನಿಮ್ಮ ಬಾಯಿಗೆ ಬೀಗ ಹಾಕಿತ್ತಾ? ನನ್ನ ಹತ್ರನೂ ಹೇಳಬಾರದಾ?"

"ಮೂಗು ಹೋದ್ಮೇಲೆ ನನ್ನ ಯಾರು ಕೇಳ್ತಾರೆ ಅಂತ..." ಎಂದ ಅವನು.

ಮಗಳು ತೊಟ್ಟಿಲಿನ ಒಂದು ತುದಿ ಹಿಡಿಯಲು ಬಂದಳು. ಹಸಿ ಬಾಣಂತಿ ಭಾರ ಎತ್ತುವುದೇ ಎಂದು ತಾಯಿ ಅವಳನ್ನು ಗದರಿ ಕೂರಿಸಿ, ತಾನೇ ಗಂಡನ ಜೊತೆ ಅದನ್ನು ಹಿತ್ತಲಿಗೆ ಸಾಗಿಸಿದಳು. ಮಗುವಿಗೆ ನೆಲದ ಮೇಲೆ ಹಾಸಿಗೆಯಾಯಿತು. ಗೂಟ ಬಂದು ಹಾಸಿಗೆಯ ನಾಲ್ಕೂ ಮೂಲೆ ಮೂಸಿ, ಕಾಲ್ದೆಸೆಯಲ್ಲಿ ಬಿದ್ದುಕೊಂಡಿತು.

ಮೇಸ್ತ್ರಿ ಕೈ ತೊಳೆದು ಬಂದು ಮಗುವನ್ನು ಎತ್ತಿಕೊಂಡ. ಎಲ್ಲರೂ ಮಾಡುವಂತೆ ಅದರ ನೆತ್ತಿಗೆ ಮೂಗಿಟ್ಟ. ಬೆಚ್ಚಗಿತ್ತು, ಮೆತ್ತಗಿತ್ತು, ಅಷ್ಟೇ. ಎಲ್ಲ ಮರಗಳ ವಾಸನೆ ಹೋದದ್ದನ್ನು ಅವನು ಹೇಗೋ ನುಂಗಿಕೊಂಡಿದ್ದ. ಇದನ್ನು ನುಂಗಲು ಆಗಲಿಲ್ಲ. ಆದರೆ ಈಗ ನಟಿಸಬೇಕಾಗಿಯೂ ಇರಲಿಲ್ಲ.

"ಮಗಳೇ, ಹೇಗಿದೆ ಇದರ ವಾಸನೆ? ನನಗೆ ಹೇಳು."

ಮಗಳು ಪಕ್ಕ ಕೂತು ಅದೇ ನೆತ್ತಿಗೆ ಮೂಗಿಟ್ಟಳು. "ಹಾಲಿನ ವಾಸನೆ ಅಪ್ಪಾ. ಬಿಸಿ ಹಾಲಿಂದು. ಆಮೇಲೆ, ಬಟ್ಟೆನ ಬಿಸಿಲಿಂದ ತಂದು ಮಡಚ್ತೀವಲ್ಲ, ಹಾಗೆ ಸ್ವಲ್ಪ. ಕಿವಿ ಹಿಂದೆ ಇನ್ನೇನೋ ಇದೆ."

"ಏನದು?"

"ಗೊತ್ತಾಗ್ತಿಲ್ಲ. ತಡಿ, ನೋಡ್ತೀನಿ."

ಮೇಸ್ತ್ರಿ ಮಗುವಿನ ತಲೆಯನ್ನು ಅವಳ ಕಡೆಗೆ ಮೆಲ್ಲಗೆ ವಾಲಿಸಿ ಹಿಡಿದ.

"ಅವಸರ ಇಲ್ಲ," ಎಂದ. "ನಿಧಾನವಾಗಿ ಮೂಸು."