ಹಲ್ಲಿನ ಡಾಕ್ಟರಿಗಾದ ಅವಮಾನ

ನನ್ನ ಕಾಮಿಡಿ ಸಿನಿಮಾದಲ್ಲಿ ವಕೀಲರು, ಮೇಷ್ಟ್ರುಗಳು, ಪೊಲೀಸರು, ಯಾರ ಮಾನವನ್ನೂ ನಾನು ಉಳಿಸಿರಲಿಲ್ಲ. ಎಲ್ಲರೂ ಸರದಿಯಂತೆ ಥಿಯೇಟರ್ ಮುಂದೆ ಬಂದು, 'ಇದು ಅತಿಯಾಯ್ತು' ಅಂತ ಬೋರ್ಡು ಹಿಡಿದು ಕೂಗಿ ಹೋದರು. ಕೊನೆಗೆ ಹಲ್ಲಿನ ಡಾಕ್ಟರಾದ ನನ್ನ ಸೋದರಮಾವ ಮುಖ ಊದಿಸಿಕೊಂಡು ಮನೆಗೇ ಬಂದರು.

"ಮಾವ, ನಿಮ್ಮವರ ಬಗ್ಗೆ ಒಂದು ಮಾತೂ ಇಲ್ವಲ್ಲ!" ಎಂದೆ.

"ಅದೇ ಕಣೋ ಅತಿಯಾಗಿದ್ದು! ಊರವರಿಗೆಲ್ಲ ಉಗಿದು ಉಪ್ಪಿನಕಾಯಿ ಹಾಕಿದ್ದೀಯ, ನಾವೇನು ಲೆಕ್ಕಕ್ಕಿಲ್ಲದವರಾ? ನಮ್ಮ ಡಾಕ್ಟರ ಸಂಘದಲ್ಲಿ ತಲೆ ಎತ್ತೋಕಾಗ್ತಿಲ್ಲ."

ನನಗೂ ತಲೆ ಕೆಟ್ಟಿತು. ಅವರೆದುರೇ ಮುಂದಿನ ಸಿನಿಮಾಕ್ಕೊಂದು ದೃಶ್ಯ ಬರೆದೆ: ಹಲ್ಲಿನ ಡಾಕ್ಟರೊಬ್ಬ ಹುಳುಕು ಹಲ್ಲು ಬಿಟ್ಟು, ಪಕ್ಕದ ಗಟ್ಟಿ ಹಲ್ಲು ಕಿತ್ತು, ಎರಡಕ್ಕೂ ಬಿಲ್ಲು ಕೊಡುತ್ತಾನೆ.

ಓದಿದ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕಣ್ಣೊರೆಸಿಕೊಂಡು, ಚಪ್ಪಲಿ ಮೆಟ್ಟುತ್ತಾ ಕೇಳಿದರು:

"ರಿಲೀಸ್ ಯಾವತ್ತು? ಬೋರ್ಡು ಬರೆಸ್ಬೇಕು."